ಒಂದು ಮೇಲ್ ಕಳಿಸೋಕೆ ಹನ್ನೊಂದು ದಿನ

ಈ ಸಲ ಮಳೆ ಹಿಡಿಯುವ ಮುಂಚೆ ನಾಲ್ಕು ದಿನ ಊರಿಗೆ ಹೋಗಿದ್ದೆ. ತೀರ್ಥಹಳ್ಳಿಯಿಂದ ಒಳಗೆ, ಬಸ್ಸು ದಿನಕ್ಕೆ ಎರಡೇ ಸಲ ಬರುವ ಊರು ನಮ್ಮದು. ಅಪ್ಪಯ್ಯ ಅಡಿಕೆ ತೋಟಕ್ಕೆ ಮೊದಲ ಔಷಧಿ ಹೊಡೆಸುವ ಗಡಿಬಿಡಿಯಲ್ಲಿದ್ದರು. ಚಿಕ್ಕಪ್ಪನ ಮಗಳು ಮೊಬೈಲ್ ಹಿಡಿದುಕೊಂಡು ಜಗಲಿಗೆ ಬಂದು ಕೂತಳು. ಎಂ.ಎಸ್ಸಿ ಕೊನೆಯ ಸೆಮಿಸ್ಟರ್. ಪಿಎಚ್‌ಡಿ ಮಾಡುವ ಆಸೆ. ಒಬ್ಬ ಪ್ರೊಫೆಸರಿಗೆ ಬರೆದ ಮೇಲ್ ಕಳಿಸದೆ ಡ್ರಾಫ್ಟಿನಲ್ಲೇ ಇಟ್ಟುಕೊಂಡಿದ್ದಳು.

“ಎಷ್ಟು ದಿನ ಆಯ್ತೇ ಇದು ಬರೆದು?”

“ಒಂಬತ್ತು ದಿನ ಅಕ್ಕಾ. ಅವರು ಎಷ್ಟು ದೊಡ್ಡೋರು. ಗುರುತಿಲ್ಲ, ಪರಿಚಯ ಇಲ್ಲ. ಸುಮ್ನೆ ಬರೆದ್ರೆ ಏನ್ ತಿಳ್ಕೋತಾರೋ.”

ನಗು ತಡೆಯಲಾಗಲಿಲ್ಲ. ನನ್ನ ದಾಖಲೆ ಹನ್ನೊಂದು ದಿನ.

ಅವತ್ತು ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೂ ಅವಳು ಕೇಳಿದಳು, ನಾನು ಹೇಳಿದೆ. ಗೈಡ್ ಹುಡುಕೋದು ಹೇಗೆ, ಸಂಶೋಧನಾ ಪೇಪರ್ ಬರೆಯೋದು ಹೇಗೆ, ಆಮೇಲೆ ಕೆಲಸ ಸಿಗುತ್ತಾ, ಎಲ್ಲ. ಹೇಳ್ತಾ ಹೇಳ್ತಾ ನನಗೇ ಒಂದು ವಿಷಯ ಹೊಳೆಯಿತು. ಆರು ವರ್ಷದ ಪಿಎಚ್‌ಡಿಯಲ್ಲಿ ಗೊತ್ತಿಲ್ಲದೆ ಹಾಳಾದ ದಿನಗಳು ಕಡಿಮೆ. ಗೊತ್ತಿದ್ದವರನ್ನು ಕೇಳದೆ ಹಾಳಾದವೇ ಜಾಸ್ತಿ. ನಮ್ಮ ಕಡೆ ಇದಕ್ಕೆ ದಾಕ್ಷಿಣ್ಯ ಅಂತಾರೆ. ಮನೆಯಲ್ಲಿ ಇದನ್ನು ಒಳ್ಳೆಯ ಗುಣ ಅಂತಲೇ ಕಲಿಸುತ್ತಾರೆ. ಯಾರ ಮನೆಗೆ ಹೋದರೂ ಮೊದಲ ಸಲ ಕಾಫಿ ಬೇಡ ಅನ್ನಬೇಕು, ಎರಡನೇ ಸಲವೂ ಬೇಡ ಅನ್ನಬೇಕು, ಮೂರನೇ ಸಲ “ಅರ್ಧ ಲೋಟ ಸಾಕು” ಅನ್ನಬೇಕು. ಲ್ಯಾಬಿನಲ್ಲಿ ಮೂರನೇ ಸಲ ಯಾರೂ ಕೇಳುವುದಿಲ್ಲ.

ಸಂಶೋಧನೆಗೆ ಫೆಲೋಶಿಪ್ ಸಿಗಲು ಬರೆಯುವ ನೆಟ್ ಪರೀಕ್ಷೆಯ ವಿಷಯ ಬೇಗ ಮುಗಿಸುತ್ತೇನೆ. ಅದರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಜೀವವಿಜ್ಞಾನದ ಪತ್ರಿಕೆಗೆ 200 ಅಂಕ, ಮೂರು ಗಂಟೆ. ಸಿ ಭಾಗದಲ್ಲಿ 75 ಪ್ರಶ್ನೆ ಇರುತ್ತವೆ, ಬರೆಯಬೇಕಾದದ್ದು 25 ಮಾತ್ರ, ಒಂದೊಂದಕ್ಕೆ 4 ಅಂಕ. ಅಂದರೆ 50 ಪ್ರಶ್ನೆಗಳನ್ನು ನೆಮ್ಮದಿಯಿಂದ ಬಿಡಬಹುದು. ನಾನು ಮೊದಲ ಸಲ ಎಲ್ಲವನ್ನೂ ಓದಲು ಹೋಗಿ ಯಾವುದೂ ಗಟ್ಟಿಯಾಗದೆ ಫೇಲಾದೆ. ಎರಡನೇ ಸಲ ಅರ್ಧ ಪಠ್ಯ ಬಿಟ್ಟು ಉಳಿದರ್ಧ ಚೆನ್ನಾಗಿ ಓದಿದೆ, 2017ರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕಿತು. ಆಗ ತಿಂಗಳಿಗೆ 25,000 ರೂಪಾಯಿ ಇತ್ತು. 2019ರಿಂದ 31,000 ಆಯಿತು, 2023ರಿಂದ 37,000. ಮೊದಲ ಎರಡು ವರ್ಷ ಜೆಆರ್‌ಎಫ್, ಆಮೇಲೆ ಮೂರು ವರ್ಷ ಎಸ್‌ಆರ್‌ಎಫ್, ಅಂದರೆ ಅದರದ್ದೇ ಹಿರಿಯ ಹಂತ. ಐದು ವರ್ಷಕ್ಕೆ ಅದು ನಿಲ್ಲುತ್ತದೆ. ನನ್ನ ಆರನೇ ವರ್ಷ ಕೈಯಿಂದ ಹಾಕಿಕೊಂಡು ನಡೆಯಿತು. ಆ ಒಂದು ವರ್ಷ ಹೇಗೆ ಹೆಚ್ಚಾಯಿತು ಅನ್ನುವುದೇ ಈ ಕಥೆ.

ಗೈಡ್ ಆರಿಸುವಾಗ ನಾನು ನೋಡಿದ್ದು ಎರಡೇ: ಊರಿಗೆ ಬಸ್ಸು ಹತ್ತಿರ ಇದೆಯಾ, ವಿಷಯ ಅಡಿಕೆಗೆ ಸಂಬಂಧಪಟ್ಟಿದೆಯಾ. ಆ ಲ್ಯಾಬಿನಲ್ಲಿ ಓದುತ್ತಿದ್ದವರನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ಗೈಡ್ ಬಗ್ಗೆ ಅನುಮಾನ ಪಟ್ಟ ಹಾಗಾಗುತ್ತದೆ ಅನ್ನುವ ಹೆದರಿಕೆ. ಈಗ ತಂಗಿಗೆ ಹೇಳಿದ್ದು ಇಷ್ಟು. ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿ ಗೈಡ್ ಹೆಸರು ಹಾಕಿ ಹುಡುಕು. ಅವರ ಕೈಕೆಳಗೆ ಮುಗಿಸಿದವರ ಪ್ರಬಂಧಗಳು ಸಿಗುತ್ತವೆ. ಅದರಲ್ಲಿ ಇಬ್ಬರನ್ನು ಹುಡುಕಿ ಫೋನ್ ಮಾಡು. ಎಷ್ಟು ವರ್ಷ ಹಿಡಿಯಿತು, ಪೇಪರಿನಲ್ಲಿ ಯಾರ ಹೆಸರು ಮೊದಲು ಬರುತ್ತದೆ, ಅರ್ಧಕ್ಕೆ ಬಿಟ್ಟು ಹೋದವರು ಎಷ್ಟು ಜನ, ಗೈಡ್ ವಾರಕ್ಕೆ ಎಷ್ಟು ಸಲ ಕೈಗೆ ಸಿಗುತ್ತಾರೆ. ಮುಗಿಸಿ ಹೋದವರಿಗೆ ಹೆದರಿಕೆ ಇರುವುದಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ಹುಡುಗಿ ನೋಡಲು ಹೋಗುವಾಗ ಅಕ್ಕಪಕ್ಕದ ಮನೆಯಲ್ಲಿ ವಿಚಾರಿಸಲ್ವಾ? ಐದು ವರ್ಷದ ಸಂಬಂಧಕ್ಕೂ ಅಷ್ಟು ವಿಚಾರಣೆ ಇರಲಿ.

ನನ್ನ ಅದೃಷ್ಟಕ್ಕೆ ನಮ್ಮ ಸರ್ ಒಳ್ಳೆಯವರು. ಆದರೆ ಬಹಳ ಕೆಲಸ ಹಚ್ಚಿಕೊಂಡವರು. ಬೆಳಿಗ್ಗೆ ಅವರ ಸ್ಕೂಟರ್ ನಿಂತಿದೆಯಾ ನೋಡುತ್ತಿದ್ದೆ. ನಿಂತಿದ್ದರೆ ಬಾಗಿಲ ತನಕ ಹೋಗುತ್ತಿದ್ದೆ. ಒಳಗೆ ಯಾರದಾದರೂ ದನಿ ಕೇಳಿದರೆ ವಾಪಸ್. ದನಿ ಕೇಳದಿದ್ದರೆ ಏನೋ ಓದುತ್ತಿರಬೇಕು ಅಂತ ವಾಪಸ್. ಹೀಗೆ ಎಷ್ಟು ಪ್ರಶ್ನೆಗಳು ನನ್ನ ನೋಟ್‌ಬುಕ್ಕಿನಲ್ಲೇ ಉಳಿದವೋ. ಅದರ ಅಂಚಿನಲ್ಲಿ ಪೆನ್ಸಿಲಿನಲ್ಲಿ “ಕೇಳಬೇಕು” ಅಂತ ಬರೆದು ಸುತ್ತ ಗೆರೆ ಎಳೆಯುವುದು ನನ್ನ ಅಭ್ಯಾಸ. ಮೊನ್ನೆ ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಪುಟ ತಿರುಗಿಸಿದಲ್ಲೆಲ್ಲ “ಕೇಳಬೇಕು”, “ಕೇಳಬೇಕು”. “ಕೇಳಿದೆ” ಅಂತ ಬರೆದದ್ದು ಸಿಗಲೇ ಇಲ್ಲ.

ಅಂಥ ಒಂದು “ಕೇಳಬೇಕು” ನನಗೆ ಎಷ್ಟು ದುಬಾರಿಯಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ವಿಷಯ ಅಡಿಕೆಯ ಕೊಳೆರೋಗ. ಮಳೆಗಾಲದಲ್ಲಿ ಎಳೆಕಾಯಿಯ ತೊಟ್ಟಿನ ಹತ್ತಿರ ನೀರು ತುಂಬಿದಂಥ ಕಡುಹಸಿರು ಕಲೆ ಬೀಳುತ್ತದೆ, ಆಮೇಲೆ ಕಾಯಿ ಉದುರುತ್ತದೆ, ಉದುರಿದ ಕಾಯಿಯ ಮೇಲೆ ಬಿಳಿ ಹತ್ತಿಯಂಥದು ಹಬ್ಬುತ್ತದೆ. ನಮ್ಮೂರ ಮಕ್ಕಳಿಗೂ ಗೊತ್ತಿರುವ ರೋಗ. ಇದನ್ನು ತರುವುದು ಫೈಟಾಫ್ತೊರಾ. ನೋಡಲು ಶಿಲೀಂಧ್ರದ ಹಾಗೆ ಇದ್ದರೂ ಅದು ನಿಜವಾದ ಶಿಲೀಂಧ್ರ ಅಲ್ಲ, ಪಾಚಿಗಳ ಕಡೆಯ ನೆಂಟ. ಅದರ ಬೀಜಕಣಗಳಿಗೆ ಎರಡು ಬಾಲ, ನೀರಿನಲ್ಲಿ ಈಜುತ್ತವೆ. ಮಳೆ ಬಿಡದೆ ಹೊಡೆದಾಗ ಕೊಳೆ ಜೋರಾಗುವುದು ಅದಕ್ಕೇ.

2019ರ ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆಯ ತೋಟಗಳಿಂದ 61 ಮಾದರಿ ತಂದೆ. ಕಾಲಿಗೆ ಉಂಬಳ, ಬ್ಯಾಗಿನಲ್ಲಿ ಕೊಳೆತ ಅಡಿಕೆ. ಬಸ್ಸಿನಲ್ಲಿ ಪಕ್ಕ ಯಾರೂ ಕೂರುತ್ತಿರಲಿಲ್ಲ. ಲ್ಯಾಬಿಗೆ ಬಂದು ಕಲೆಯ ಅಂಚಿನಿಂದ ಅಕ್ಕಿಕಾಳಿನಷ್ಟು ತುಂಡು ಕತ್ತರಿಸಿ ಕ್ಯಾರೆಟ್ ಅಗಾರ್ ಅನ್ನುವ ಜೆಲ್ಲಿಯ ತಟ್ಟೆಯಲ್ಲಿ ಇಡಬೇಕು. ಶಿವಮೊಗ್ಗದ ಮಾರ್ಕೆಟ್ಟಿನಿಂದ ಕಿಲೋಗಟ್ಟಲೆ ಕ್ಯಾರೆಟ್ ತರುತ್ತಿದ್ದೆ. ಆಟೊಕ್ಲೇವ್ ಅನ್ನುವ ದೊಡ್ಡ ಕುಕ್ಕರಿನಲ್ಲಿ 121 ಡಿಗ್ರಿಗೆ ಬೇಯುವಾಗ ಇಡೀ ಕಾರಿಡಾರ್ ಹಲ್ವಾ ಮಾಡಿದ ಹಾಗೆ ಘಮ್ ಅನ್ನುತ್ತಿತ್ತು. ಬೇಡದ ಬೂಸ್ಟುಗಳು ಮೊದಲು ಬಂದು ತಟ್ಟೆ ತುಂಬಿಬಿಡುತ್ತವೆ. ಅವು ಬರುವ ಮುಂಚೆ ರಾತ್ರಿಯೇ ಎದ್ದು ನೋಡಿ, ಅಂಚಿನ ಎಳೆಯನ್ನು ಬೇರೆ ತಟ್ಟೆಗೆ ದಾಟಿಸಬೇಕು. ಹೀಗೆ ನಾಲ್ಕು ತಿಂಗಳು ಒದ್ದಾಡಿ 38 ಶುದ್ಧ ಕಲ್ಚರ್ (ಬೇರೇನೂ ಬೆರೆಯದೆ ಬೆಳೆಸಿದ ಜೀವಿ) ಮಾಡಿಕೊಂಡೆ. ಪ್ರತಿಯೊಂದಕ್ಕೂ ಊರಿನ ಹೆಸರು ಬರೆದ ಚೀಟಿ. ಒಂದರ ಮೇಲೆ ನಮ್ಮ ತೋಟದ್ದೇ.

ಡಿಸೆಂಬರಿನಲ್ಲಿ ಪ್ರಶ್ನೆ ಬಂತು. ಇವನ್ನು ಇಡುವುದು ಎಲ್ಲಿ? ಲ್ಯಾಬಿನಲ್ಲಿ ಉಳಿದವರು ಕೆಲಸ ಮಾಡುತ್ತಿದ್ದದ್ದು ಬೇರೆ ಶಿಲೀಂಧ್ರಗಳ ಮೇಲೆ. ಅವರು 4 ಡಿಗ್ರಿ ಫ್ರಿಜ್ಜಿನಲ್ಲಿ ಇಡುತ್ತಿದ್ದರು. ನಾನು ಓದಿದ ಒಂದು ಪೇಪರಿನಲ್ಲಿ ಬೇರೆ ರೀತಿ ಇಟ್ಟಿದ್ದರು, ಆದರೆ ಪೂರ್ತಿ ಬಿಡಿಸಿ ಬರೆದಿರಲಿಲ್ಲ. ಪೇಪರಿನ ಮೇಲೆ ಅವರ ಮೇಲ್ ವಿಳಾಸ ಇತ್ತು. ಹೆಸರಿನ ಪಕ್ಕ ನಕ್ಷತ್ರ ಹಾಕಿ ವಿಳಾಸ ಕೊಡುವುದೇ ಕೇಳುವವರು ಕೇಳಲಿ ಅಂತ. ನಾನು ಏನು ಮಾಡಿದೆ? ನೋಟ್‌ಬುಕ್ಕಿನಲ್ಲಿ “ಕೇಳಬೇಕು” ಅಂತ ಬರೆದು ಗೆರೆ ಎಳೆದು, 38 ನಳಿಕೆಗಳನ್ನೂ ಫ್ರಿಜ್ಜಿಗೆ ಹಾಕಿದೆ.

ಮಾರ್ಚಿನಲ್ಲಿ ಲಾಕ್‌ಡೌನ್. ಊರಿಗೆ ಬಂದವಳು ಮತ್ತೆ ಲ್ಯಾಬಿಗೆ ಹೋದದ್ದು ಜುಲೈಯಲ್ಲಿ. ಒಂದೊಂದಾಗಿ ತೆಗೆದು ಹೊಸ ತಟ್ಟೆಗೆ ಹಾಕಿದೆ. ಒಂದು ದಿನ ನೋಡಿದೆ, ಎರಡು ದಿನ, ಐದು ದಿನ. ಏಳು ತಟ್ಟೆಯಲ್ಲಿ ಬೆಳೆಯಿತು. 31ರಲ್ಲಿ ಏನೂ ಇಲ್ಲ. ತಟ್ಟೆ ಬೆಳಕಿಗೆ ಹಿಡಿದರೆ ಹಿಂದಿನ ಗೋಡೆ ಕಾಣುತ್ತಿತ್ತು, ಅಷ್ಟು ಸ್ವಚ್ಛ.

ಆಮೇಲೆ ಬರೆದೆ ಆ ಮೇಲನ್ನು. ಅದಕ್ಕೂ ಹನ್ನೊಂದು ದಿನ! ಮೊದಲ ಡ್ರಾಫ್ಟಿನಲ್ಲಿ ಏಳು ವಾಕ್ಯ ಬರೀ ಕ್ಷಮೆ. ನಿಮ್ಮ ಅಮೂಲ್ಯ ಸಮಯ ಹಾಳು ಮಾಡುತ್ತಿದ್ದೇನೆ, ನಾನೊಬ್ಬ ಸಾಮಾನ್ಯ ವಿದ್ಯಾರ್ಥಿನಿ, ಹಳ್ಳಿಯ ಕಡೆಯವಳು, ತಪ್ಪಿದ್ದರೆ ಮನ್ನಿಸಿ. ಪ್ರಶ್ನೆ ಕೊನೆಯ ಸಾಲಿನಲ್ಲಿ ಎಲ್ಲೋ ಇತ್ತು. ಲ್ಯಾಬಿನ ಸೀನಿಯರ್ ಒಬ್ಬಳು ಓದಿ, “ಇದೇನು ಮಾರಾಯ್ತಿ, ಸಾಲ ಕೇಳ್ತಿದೀಯಾ?” ಅಂದಳು. ಕೊನೆಗೆ ಹೋದದ್ದು ಹೀಗಿತ್ತು: ಅಡಿಕೆಯ ಫೈಟಾಫ್ತೊರಾ ಮೇಲೆ ಕೆಲಸ ಮಾಡುತ್ತಿದ್ದೇನೆ. 38 ಕಲ್ಚರ್‌ಗಳನ್ನು 4 ಡಿಗ್ರಿಯಲ್ಲಿ ಏಳು ತಿಂಗಳು ಇಟ್ಟಿದ್ದೆ, 31 ಸತ್ತವು. ನಿಮ್ಮ ಪೇಪರಿನಲ್ಲಿ ಬೇರೆ ರೀತಿ ಇಟ್ಟಿದ್ದೀರಿ. ಯಾವ ಉಷ್ಣತೆಯಲ್ಲಿ, ಯಾವುದರಲ್ಲಿ ಇಟ್ಟಿದ್ದಿರಿ ಅಂತ ತಿಳಿಸುತ್ತೀರಾ? ಅಷ್ಟೇ.

ನಲವತ್ತು ನಿಮಿಷಕ್ಕೆ ಉತ್ತರ ಬಂತು. ಬೆಚ್ಚಗಿನ ನಾಡಿನ ಎಷ್ಟೋ ಫೈಟಾಫ್ತೊರಾಗಳು ಫ್ರಿಜ್ಜಿನ ಚಳಿ ತಡೆಯುವುದಿಲ್ಲ. ಅಗಾರಿನ ಸಣ್ಣ ತುಂಡು ಕತ್ತರಿಸಿ, ಶುದ್ಧ ಮಾಡಿದ ನೀರಿನ ಶೀಷೆಯಲ್ಲಿ ಹಾಕಿ, ಬಿಗಿಯಾಗಿ ಮುಚ್ಚಿ, ಸುಮಾರು 18 ಡಿಗ್ರಿಯ ಕೋಣೆಯಲ್ಲಿ ಇಡಿ. ಜೊತೆಗೆ ಅವರ ಲ್ಯಾಬಿನ ಕೈಬರಹದ ಎರಡು ಪುಟಗಳ ಫೋಟೋ. “ನಾವೂ ಹೀಗೇ ಕಳೆದುಕೊಂಡು ಕಲಿತದ್ದು” ಅಂತ ಕೊನೆಯಲ್ಲಿ ಒಂದು ಸಾಲು.

ಮಳೆಗಾಲದ ರೋಗದ ಮೇಲೆ ಕೆಲಸ ಮಾಡುವವರಿಗೆ ಒಂದು ಸೀಸನ್ ಹೋಯಿತು ಅಂದರೆ ಒಂದು ವರ್ಷ ಹೋಯಿತು ಅಂತಲೇ ಅರ್ಥ. ನಮ್ಮಲ್ಲಿ ಒಂದು ಗಾದೆ ಇದೆ, ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅಂತ. ಅಜ್ಜಿ ಹೇಳುವಾಗ ಬೇರೆ ಯಾರದೋ ಕಥೆ ಅಂದುಕೊಂಡಿದ್ದೆ.

ಇಷ್ಟು ಕೇಳಿ ತಂಗಿ, “ಹಾಗಾದ್ರೆ ಎಲ್ಲರಿಗೂ ಎಲ್ಲಾನೂ ಕೇಳ್ತಾ ಹೋಗೋದಾ?” ಅಂದಳು. ಹಾಗೂ ಅಲ್ಲ. ನನಗೀಗ ತಿಂಗಳಿಗೆ ಮೂರ್ನಾಲ್ಕು ಮೇಲ್ ಬರುತ್ತವೆ. ಕೆಲವರು ಯಾರಿಗೋ ಬರೆದದ್ದನ್ನು ಹೆಸರು ಕೂಡ ಬದಲಿಸದೆ ನನಗೆ ಕಳಿಸಿರುತ್ತಾರೆ. ಇನ್ನು ಕೆಲವರು “ನಿಮ್ಮ ಕೆಲಸದ ಬಗ್ಗೆ ತಿಳಿಸಿ” ಅನ್ನುತ್ತಾರೆ. ಅದಕ್ಕೆ ಏನಂತ ಉತ್ತರ ಬರೆಯೋದು? ಎರಡು ನಿಮಿಷದಲ್ಲಿ ಉತ್ತರ ಕೊಡಬಹುದಾದ ಒಂದೇ ಪ್ರಶ್ನೆ ಇದ್ದರೆ ನಾನು ಬಸ್ಸಿನಲ್ಲಿ ನಿಂತುಕೊಂಡಾದರೂ ಬರೆಯುತ್ತೇನೆ. ತಾನು ಏನು ಮಾಡಿದೆ, ಏನಾಯಿತು, ಏನು ಬೇಕು ಅನ್ನುವುದು ಅದರಲ್ಲಿ ಇರಬೇಕು ಅಷ್ಟೇ.

2021ರಲ್ಲಿ ಮತ್ತೆ ತೋಟ ಸುತ್ತಲು ಶುರು ಮಾಡಿದೆ. ಆ ವರ್ಷದ ಒಂದು ಘಟನೆ ಮರೆಯಲಾಗದ್ದು. ನಮ್ಮ ಮನೆಗೆ ಇಪ್ಪತ್ತು ವರ್ಷದಿಂದ ಬರುವ ಕೊನೆಗಾರ ಒಬ್ಬರಿದ್ದಾರೆ, ಮರ ಹತ್ತಿ ಅಡಿಕೆಯ ಕೊನೆ, ಅಂದರೆ ಗೊನೆ, ಇಳಿಸುವವರು. ನಾನು ಮರದ ಬುಡದಲ್ಲಿ ಕೊಳೆತ ಕಾಯಿ ಹೆಕ್ಕುತ್ತಿದ್ದೆ. ಅವರು ಮೇಲೆ ಕೊನೆಗಳಿಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುತ್ತಿದ್ದರು. ಅಲ್ಲಿಂದಲೇ ಕೂಗಿದರು.

“ಅಮ್ಮಾ, ಮೂರು ವರ್ಷದಿಂದ ನೋಡ್ತಿದೀನಿ. ನೀವು ಬಿದ್ದಿದ್ದನ್ನೇ ಹೆಕ್ತೀರಿ. ಮೇಲಿಂದು ಬೇಡ್ವಾ?”

“ಮೇಲೆ ಏನಿದೆ?”

“ಕೇಳ್ತೀರಿ ಅಂದ್ಕೊಂಡಿದ್ದೆ. ಹೋದ ವರ್ಷದ ಒಣಗಿದ ಕೊನೆ ಹಂಗೇ ನೇತಾಡ್ತಿರೋ ಮರ ಇದಾವಲ್ಲ, ಕೊಳೆ ಮೊದ್ಲು ಶುರುವಾಗೋದು ಅಲ್ಲೇ.”

ಇದು ಪುಸ್ತಕದಲ್ಲಿ ಇಲ್ಲದ ವಿಷಯ ಅಲ್ಲ. ರೋಗ ಬಂದು ಒಣಗಿ ಮರದಲ್ಲೇ ಉಳಿದ ಕೊನೆಗಳು ಮುಂದಿನ ಮಳೆಗೆ ರೋಗದ ಮೂಲ ಆಗುತ್ತವೆ ಅಂತ ನಾನೇ ಓದಿದ್ದೆ, ನನ್ನ ಸಿನಾಪ್ಸಿಸ್‌ನಲ್ಲೂ ಬರೆದಿದ್ದೆ. ಆದರೆ ಯಾವ ಮರ, ಯಾವ ಸಾಲು, ಎಷ್ಟನೇ ದಿನ ಅನ್ನುವುದು ಅವರ ತಲೆಯಲ್ಲಿತ್ತು. ಮೂರು ವರ್ಷ ಅವರು ಮೇಲೆ ಇದ್ದರು, ನಾನು ಕೆಳಗೆ ಇದ್ದೆ. ಅವರಿಗೂ ದಾಕ್ಷಿಣ್ಯ, ಓದಿದ ಹುಡುಗಿಗೆ ನಾನೇನು ಹೇಳೋದು ಅಂತ. ಅವತ್ತಿನಿಂದ ಅವರು ಗುರುತು ಮಾಡಿಕೊಟ್ಟ ಮರಗಳ ಒಣಕೊನೆಯಿಂದಲೂ ಮಾದರಿ ತೆಗೆದೆ. ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಪೂರ್ತಿ ಅದೇ. ಪೇಪರಿನಲ್ಲಿ ಅವರ ಹೆಸರು ಕೃತಜ್ಞತೆಯ ಸಾಲಿನಲ್ಲಿದೆ. ಲೇಖಕರ ಪಟ್ಟಿಯಲ್ಲಿ ಯಾಕಿಲ್ಲ ಅಂತ ಸರ್ ಜೊತೆ ಅರ್ಧ ಗಂಟೆ ಮಾತಾಡಿದೆ. ಲೇಖಕ ಅನ್ನಿಸಿಕೊಳ್ಳಲು ಬರೆದದ್ದನ್ನು ಓದಿ ಒಪ್ಪಿಗೆ ಕೊಟ್ಟಿರಬೇಕು, ಅದಕ್ಕೆ ಜವಾಬ್ದಾರಿ ಹೊರಬೇಕು ಅನ್ನುತ್ತದೆ ನಿಯಮ. ಇಂಗ್ಲಿಷಿನಲ್ಲಿ ಬರೆದದ್ದನ್ನು ಅವರು ಓದುವುದು ಹೇಗೆ? ನಿಯಮ ಸರಿ ಇರಬಹುದು. ನನಗೆ ಇವತ್ತಿಗೂ ಪೂರ್ತಿ ಸಮಾಧಾನ ಇಲ್ಲ.

ಯಾಕೆಂದರೆ ಅದಕ್ಕಿಂತ ಮುಂಚಿನ ನನ್ನ ಮೊದಲ ಸಣ್ಣ ಪೇಪರಿನಲ್ಲಿ ಏನೂ ಮಾಡದವರ ಹೆಸರೊಂದು ಸೇರಿತ್ತು. ಯಂತ್ರ ಬಳಸಲು ಬಿಟ್ಟದ್ದಕ್ಕೆ ಋಣ. ಯಾರು ಹೇಗೆ ಅನ್ನುವುದು ಬೇಡ. ನಾನು ಬೇಡ ಅನ್ನಲಿಲ್ಲ ಅನ್ನುವುದಷ್ಟೇ ಇಲ್ಲಿಗೆ ಬೇಕಾದ ವಿಷಯ. ಮುಂದಿನ ಪೇಪರಿಗೆ ಒಂದು ಉಪಾಯ ಹುಡುಕಿದೆ. ಈಗ ಎಷ್ಟೋ ಜರ್ನಲ್‌ಗಳು ಕ್ರೆಡಿಟ್ ಅನ್ನುವ ಪಟ್ಟಿ ಕೇಳುತ್ತವೆ. 14 ಬಗೆಯ ಕೆಲಸ ಅದರಲ್ಲಿವೆ: ಯೋಚನೆ ಯಾರದು, ಪ್ರಯೋಗ ಮಾಡಿದವರು ಯಾರು, ಲೆಕ್ಕ ಹಾಕಿದವರು ಯಾರು, ಬರೆದವರು ಯಾರು, ದುಡ್ಡು ತಂದವರು ಯಾರು, ಹೀಗೆ. ಬರೆಯಲು ಶುರು ಮಾಡುವ ಮುಂಚೆಯೇ ಆ ಪಟ್ಟಿ ಪ್ರಿಂಟ್ ತೆಗೆದು ಸರ್ ಮೇಜಿನ ಮೇಲಿಟ್ಟೆ. “ಸರ್, ಜರ್ನಲ್‌ನವರು ಇದನ್ನು ಕೇಳ್ತಾರೆ, ಒಂದ್ಸಲ ನೋಡ್ತೀರಾ?” ಅವರೇ ಹೆಸರುಗಳ ಮುಂದೆ ಗುರುತು ಹಾಕುತ್ತಾ ಹೋದರು. ಒಂದು ಹೆಸರಿನ ಮುಂದೆ ಪೆನ್ನು ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇವರನ್ನು ಕೃತಜ್ಞತೆಗೆ ಹಾಕೋಣ” ಅಂದರು. ನನ್ನ ಹಾಗೆ ಎದುರು ನಿಂತು ಹೇಳಲಾಗದವರಿಗೆ ಇದು ಬಹಳ ಒಳ್ಳೆಯ ದಾರಿ. ಕೇಳುವುದು ನಾವಲ್ಲ, ಫಾರಂ.

ಪೇಪರ್ ಅಚ್ಚಾಗುವ ಕಥೆ ದೊಡ್ಡದು, ಚಿಕ್ಕದಾಗಿ ಹೇಳುತ್ತೇನೆ. 2022ರ ಆರಂಭದಲ್ಲಿ ಕಳಿಸಿದ ಮೊದಲ ಜರ್ನಲ್ ಮೂರೇ ದಿನಕ್ಕೆ ವಾಪಸ್ ಮಾಡಿತು, ನಮ್ಮ ಓದುಗರಿಗೆ ಸಂಬಂಧ ಇಲ್ಲ ಅಂತ. ನಿಜಕ್ಕೂ ಇರಲಿಲ್ಲ. ಹೆಸರು ದೊಡ್ಡದು ಅಂತ ಕಳಿಸಿದ್ದೆವು. ಎರಡನೆಯದು ನಾಲ್ಕು ತಿಂಗಳು ಇಟ್ಟುಕೊಂಡು ಇಬ್ಬರು ವಿಮರ್ಶಕರ ಮಾತು ಕಳಿಸಿ ಬೇಡ ಅಂದಿತು. ಒಬ್ಬರು ಒಂದೇ ಸೀಸನ್ನಿನ ದತ್ತಾಂಶ ಸಾಲದು ಅಂದಿದ್ದರು. ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಮತ್ತೆ ಓದಿದರೆ ಅವರು ಹೇಳಿದ್ದು ಸರಿಯಾಗೇ ಇತ್ತು. ಆ ಎರಡನೇ ಸೀಸನ್ನು ಫ್ರಿಜ್ಜಿನಲ್ಲಿ ಸತ್ತಿತ್ತು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? 2022ರ ಮಳೆಗಾಲದ ಕೆಲಸವನ್ನೂ ಸೇರಿಸಿ 2023ರಲ್ಲಿ ಮೂರನೇ ಕಡೆಗೆ ಕಳಿಸಿದೆವು. ಅದೇ ವಾರ ಬಯೋಆರ್ಕೈವ್ ಜಾಲತಾಣದಲ್ಲಿ ಪ್ರಿಪ್ರಿಂಟ್, ಅಂದರೆ ಜರ್ನಲ್ ಒಪ್ಪುವ ಮುಂಚಿನ ಪ್ರತಿ, ಹಾಕಿದೆ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ “ಪರಿಶೀಲನೆಯಲ್ಲಿದೆ” ಅಂತ ಬರೆಯುವುದಕ್ಕೂ, ತೆರೆದು ಓದಬಹುದಾದ ಲಿಂಕ್ ಕೊಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಈ ಸಲ ವಿಮರ್ಶಕರಿಗೆ 14 ಪುಟದ ಉತ್ತರ ಬರೆದೆ. ಅವರ ಒಂದೊಂದು ಮಾತನ್ನೂ ಹಾಗೇ ಇಟ್ಟು, ಕೆಳಗೆ ನಮ್ಮ ಉತ್ತರ, ಎಷ್ಟನೇ ಪುಟದ ಎಷ್ಟನೇ ಸಾಲಿನಲ್ಲಿ ತಿದ್ದಿದ್ದೇವೆ ಅನ್ನುವುದು. ಒಪ್ಪದ ಕಡೆ ಯಾಕೆ ಒಪ್ಪುವುದಿಲ್ಲ ಅಂತ. ಮೊದಲೆಲ್ಲ ಎಲ್ಲದಕ್ಕೂ ಹೌದು ಹೌದು ಅನ್ನುತ್ತಿದ್ದೆ. ಒಂದು ಕಡೆ ಮಾತ್ರ ಸಂಪಾದಕರಿಗೇ ನೇರ ಮೇಲ್ ಬರೆದೆ: ಇಬ್ಬರು ವಿಮರ್ಶಕರು ಒಂದಕ್ಕೊಂದು ವಿರುದ್ಧ ಹೇಳಿದ್ದಾರೆ, ಯಾರ ಮಾತು ಹಿಡಿಯಲಿ? ಅವರು ಒಂದೇ ಸಾಲಿನಲ್ಲಿ ಬಗೆಹರಿಸಿದರು. ಸಂಪಾದಕರಿಗೆ ಹೀಗೆ ಬರೆಯಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಆ ವರ್ಷದ ಕೊನೆಗೆ ಪೇಪರ್ ಒಪ್ಪಿಗೆಯಾಯಿತು.

ಈ ನಡುವೆ “ಗೌರವಾನ್ವಿತ ಪ್ರೊಫೆಸರ್, ನಿಮ್ಮ ಅಮೂಲ್ಯ ಲೇಖನಕ್ಕಾಗಿ ಕಾಯುತ್ತಿದ್ದೇವೆ, ಐದೇ ದಿನದಲ್ಲಿ ಪ್ರಕಟಣೆ” ಅನ್ನುವ ಮೇಲ್‌ಗಳು ವಾರಕ್ಕೆರಡು ಬರುತ್ತಿದ್ದವು. ನಾನಾಗ ಪ್ರೊಫೆಸರ್ ಇರಲಿ, ಡಾಕ್ಟರ್ ಕೂಡ ಆಗಿರಲಿಲ್ಲ. ಐದು ದಿನದಲ್ಲಿ ಅಡಿಕೆಯೂ ಸರಿಯಾಗಿ ಒಣಗುವುದಿಲ್ಲ, ಪೇಪರ್ ಓದಿ ತೂಗಿ ನೋಡುವುದು ಎಲ್ಲಿಂದ ಬಂತು! ಅನುಮಾನ ಬಂದರೆ ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗೆ ಬರೆದು ನೀವು ನಿಜವಾಗಿಯೂ ಅಲ್ಲಿದ್ದೀರಾ ಅಂತ ಕೇಳಿ. ನಾನು ಒಮ್ಮೆ ಕೇಳಿದೆ. ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲ ಅಂದರು. ಪ್ರಬಂಧ ಒಪ್ಪಿಸುವ ಮುಂಚೆ ಪೇಪರ್ ಇರಲೇಬೇಕು ಅನ್ನುವ ಕಡ್ಡಾಯವನ್ನು ಯುಜಿಸಿ 2022ರ ನಿಯಮದಲ್ಲಿ ತೆಗೆಯಿತು. ಹಾಗಾಗಿ ಗಡಿಬಿಡಿಯಲ್ಲಿ ದುಡ್ಡು ಕೊಟ್ಟು ಎಲ್ಲೋ ಹಾಕಿಸುವ ದರ್ದು ಈಗ ಮೊದಲಿನಷ್ಟು ಇಲ್ಲ. ಆದರೂ ಹಾಕಿಸುವವರು ಹಾಕಿಸುತ್ತಲೇ ಇದ್ದಾರೆ.

ದುಡ್ಡು ಅಂದಾಗ ನೆನಪಾಯಿತು. ಒಂದು ಸಲ ನಾಲ್ಕು ತಿಂಗಳು ಫೆಲೋಶಿಪ್ ಬರಲಿಲ್ಲ. ದೆಹಲಿಯಲ್ಲೇ ತಡ ಅಂದುಕೊಂಡು ಅಪ್ಪಯ್ಯನ ಹತ್ತಿರ ಇಸ್ಕೊಂಡು ಕಾಲ ಕಳೆದೆ. ನೋಡಿದರೆ ನನ್ನ ಫಾರಂ ನಮ್ಮ ಕಟ್ಟಡದ್ದೇ ಒಂದು ಮೇಜಿನ ಮೇಲಿತ್ತು, ಒಂದು ಸಹಿ ಬಾಕಿ. “ನೀವು ಬರ್ಲೇ ಇಲ್ವಲ್ಲ ಮೇಡಂ” ಅಂದರು ಅಲ್ಲಿದ್ದವರು. ಅವರ ಮಾತಲ್ಲಿ ತಪ್ಪೇನಿಲ್ಲ.

2024ರಲ್ಲಿ ವೈವಾ ಮುಗಿಯಿತು. ಮದುವೆ ಮನೆಗಳಲ್ಲಿ “ಇನ್ನೂ ಓದೋದು ಮುಗಿದಿಲ್ವಾ?” ಅಂತ ಕೇಳುತ್ತಿದ್ದವರು ಈಗ “ಮುಂದೇನು?” ಅನ್ನತೊಡಗಿದರು. ನೆಂಟರಿಗೆ ಮಾತ್ರ ಕೇಳೋಕೆ ಯಾವ ದಾಕ್ಷಿಣ್ಯವೂ ಇಲ್ಲ ನೋಡಿ.

ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ಆದ ಮೇಲಿನ ಸಂಶೋಧನಾ ಕೆಲಸಕ್ಕೆ, 42 ಮೇಲ್ ಕಳಿಸಿದೆ. ಒಂಬತ್ತು ಉತ್ತರ, ಮೂರು ಸಂದರ್ಶನ. ಮೊದಲನೆಯದರ ದಿನ ಊರಲ್ಲಿ ಮರ ಬಿದ್ದು ಕರೆಂಟಿಲ್ಲ. ಇನ್ನೊಂದು ದಿನ ಕೊಡಿ ಅಂತ ಕೇಳಬಹುದಿತ್ತು. ಕೇಳದೆ, ಮನೆ ಹಿಂದಿನ ಗುಡ್ಡದ ಮೇಲೆ ಛತ್ರಿ ಹಿಡಿದು ಕೂತು ಮೊಬೈಲಿನಲ್ಲೇ ಮಾತಾಡಿದೆ. ಮಳೆಯ ಸದ್ದಿನಲ್ಲಿ ಅವರಿಗೆ ನಾನು ಹೇಳಿದ್ದು ಏನೂ ಕೇಳಿಸಿರಲಿಕ್ಕಿಲ್ಲ. ಎರಡನೆಯದನ್ನು ಶಿವಮೊಗ್ಗದಲ್ಲಿ ಅತ್ತೆ ಮನೆಯಿಂದ ಕೊಟ್ಟೆ. ಚೆನ್ನಾಗೇ ಆಯಿತು. ಕೊನೆಯಲ್ಲಿ ಅವರು, “ನಮ್ಮನ್ನು ಏನಾದರೂ ಕೇಳುವುದಿದೆಯಾ?” ಅಂದರು. “ಏನಿಲ್ಲ ಸರ್” ಅಂದೆ. ಕೆಲಸ ಸಿಗಲಿಲ್ಲ. ಈ ಸಲ ಧೈರ್ಯ ಮಾಡಿ, ಎಲ್ಲಿ ಎಡವಿದೆ ಅಂತ ಬರೆದು ಕೇಳಿದೆ. ಉತ್ತರ ಬಂತು. ನಿಮ್ಮ ಕೆಲಸ ಇಷ್ಟವಾಯಿತು, ಆದರೆ ಇಲ್ಲಿಗೆ ಬಂದು ಏನು ಮಾಡಬೇಕು ಅಂತ ನಿಮಗೆ ಕುತೂಹಲ ಇದ್ದ ಹಾಗೆ ಕಾಣಲಿಲ್ಲ ಅಂತ. ಕುತೂಹಲ ಇತ್ತು. ಬಾಯಿಗೆ ಬಂದಿರಲಿಲ್ಲ.

ಮೂರನೆಯದಕ್ಕೆ ಐದು ಪ್ರಶ್ನೆ ಬರೆದುಕೊಂಡು ಕೂತೆ. ಅದರಲ್ಲಿ ಎರಡನ್ನು ತಂಗಿಗೂ ಬರೆಸಿದೆ. ಒಂದು, ನಿಮ್ಮಲ್ಲಿ ಹಿಂದೆ ಇದ್ದ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ? ಇನ್ನೊಂದು, ಎರಡು ವರ್ಷ ಆದ ಮೇಲೆ ಇಲ್ಲಿ ಶುರು ಮಾಡಿದ ಕೆಲಸದಲ್ಲಿ ಯಾವುದನ್ನು ನನ್ನದು ಅಂತ ಹೊರಗೆ ತೆಗೆದುಕೊಂಡು ಹೋಗಬಹುದು? ಈ ಎರಡನೆಯದನ್ನು ಕೇಳುವಾಗ ದನಿ ನಡುಗಿತು, ಸುಳ್ಳು ಹೇಳುವುದಿಲ್ಲ. ಮುಂದೆ ಸ್ವಂತ ಲ್ಯಾಬ್ ಮಾಡಬೇಕು ಅನ್ನುವವರಿಗೆ ಇದಕ್ಕಿಂತ ಮುಖ್ಯ ಪ್ರಶ್ನೆ ಇಲ್ಲ. ಬಾಸ್‌ನ ವಿಷಯವನ್ನೇ ಹಿಡಿದುಕೊಂಡು ಹೊರಗೆ ಬಂದರೆ ಬಾಸ್ ಜೊತೆಗೇ ಪೈಪೋಟಿ ಮಾಡಬೇಕಾಗುತ್ತದೆ. ಅವರು ಸ್ವಲ್ಪ ಯೋಚಿಸಿ, “ಒಣಕೊನೆಯ ಕೆಲಸ ಪೂರ್ತಿ ನಿಮ್ಮದೇ. ನಿಮ್ಮ ಕಲ್ಚರ್‌ಗಳೂ ನಿಮ್ಮವೇ” ಅಂದರು. ಅದನ್ನೇ ಒಂದು ಮೇಲ್‌ನಲ್ಲಿ ಬರೆದು ಕಳಿಸುತ್ತೀರಾ ಅಂತ ಕೇಳಿದೆ. ಕಳಿಸಿದರು. ಈಗ ಬೆಂಗಳೂರಿನ ಅದೇ ಲ್ಯಾಬಿನಲ್ಲಿದ್ದೇನೆ.

ಇಷ್ಟೆಲ್ಲ ಹೇಳುವಾಗ ಅಪ್ಪಯ್ಯ ಅಂಗಳದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುತ್ತಿದ್ದರು. ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಇನ್ನೊಂದರಲ್ಲಿ 50 ಲೀಟರಿಗೆ ಒಂದು ಕಿಲೋ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ, ಇದನ್ನು ಮಲೆನಾಡಿನ ತೋಟಗಳಿಗೆ ತಂದರು. ಅಪ್ಪಯ್ಯನಿಗೆ ಆ ಹೆಸರು ಗೊತ್ತಿಲ್ಲ, ಲೆಕ್ಕ ಗೊತ್ತು. ತಿಕ್ಕಿ ಹೊಳಪು ಮಾಡಿದ ಚಾಕು ಅದ್ದಿ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಅಲಗಿನ ಮೇಲೆ ಕೆಂಪು ಕಟ್ಟಿತ್ತು. ಇನ್ನೊಂದು ಬೊಗಸೆ ಸುಣ್ಣದ ತಿಳಿ ಹಾಕಿ, ಕಲಸಿ, ಚಾಕು ಒರೆಸಿ ಮತ್ತೆ ಅದ್ದಿದರು. ಈಗ ಕಟ್ಟಲಿಲ್ಲ.

ಕೈ ತೊಳೆಯುತ್ತಾ ನನ್ನ ಕಡೆ ತಿರುಗಿದರು. “ಒಂದು ಕೇಳಬೇಕು ಅಂತಿದ್ದೆ ಕಣೇ. ನೀನು ನಮ್ಮ ತೋಟದಿಂದ ತಗೊಂಡು ಹೋದ ಕೊಳೆ, ಅದು ಇನ್ನೂ ಇದೆಯಾ?”

“ಇದೆ ಅಪ್ಪಯ್ಯ. ಬದುಕಿಕೊಂಡಿದ್ದ ಏಳರಲ್ಲಿ ಅದೂ ಒಂದು. ಬೆಂಗಳೂರಲ್ಲಿ ಒಂದು ಶೀಷೆಯಲ್ಲಿ, ನೀರಲ್ಲಿ ಹಾಕಿಟ್ಟಿದೀನಿ.”

“ನೀರಲ್ಲಿ ಹಾಕಿದ್ರೆ ಸಾಕಾ ಅದಕ್ಕೆ?”

“ಸಾಕು.”

ಅವರು ಆಕಾಶ ನೋಡಿದರು. ಕವಲೇದುರ್ಗದ ಕಡೆಯಿಂದ ಮೋಡ ಕಟ್ಟುತ್ತಿತ್ತು. “ಅದನ್ನ ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ” ಅಂದು, ಔಷಧಿ ಹೊಡೆಯುವ ದೋಟಿಯವನಿಗೆ ಬೇಗ ಬಾ ಅಂತ ಫೋನ್ ಮಾಡಲು ಒಳಗೆ ಹೋದರು.